ಸಂಪಾದಕರ ಉತ್ತರ: ಸೊನ್ನೆ ಬರೆಯುವವರಿಗೆ

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆರು ಪುಟಗಳ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಹಾಗಾಗಿ ಅದರ ಸಾರವನ್ನು ಉಳಿದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ.

ನೀವು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೀರಿ. ಬೀಗ ತೆಗೆಯುವುದು, ಕಡತ ಹೊರುವುದು ಇವುಗಳ ಜೊತೆಗೆ ದಿನಾ ಬೆಳಿಗ್ಗೆ 8.30ಕ್ಕೆ ಅಂಗಳದ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುವುದೂ ನಿಮ್ಮ ಪಾಲಿಗೆ ಬಂದಿದೆ. ನಿಮ್ಮ ಸೀಮೆಯಲ್ಲಿ ವರ್ಷದ ಮುನ್ನೂರು ದಿನ ಅಳೆಯಲು ನೀರೇ ಇರುವುದಿಲ್ಲ. 0.0 ಎಂದು ಬರೆದು ಸಹಿ ಹಾಕುತ್ತೀರಿ. ಕಚೇರಿಯ ಹುಡುಗರು ನಿಮ್ಮನ್ನು ‘ಸೊನ್ನೆ ಸಾಹೇಬರು’ ಎಂದು ಕರೆಯುತ್ತಾರೆ. ಈಚಿನ ತರಬೇತಿಯೊಂದರಲ್ಲಿ ಉಪನ್ಯಾಸಕರೊಬ್ಬರು ಮೂವರು ಕಲ್ಲುಕುಟಿಗರ ಕಥೆ ಹೇಳಿ, ‘ದೃಷ್ಟಿಕೋನ ಬದಲಿಸಿಕೊಳ್ಳಿ, ಕೆಲಸಕ್ಕೆ ಅರ್ಥ ಬರುತ್ತದೆ’ ಎಂದರಂತೆ. ನಿಮಗೆ ಸಿಟ್ಟು ಬಂದಿದೆ. ‘ಹೇಗೆ ನೋಡಿದರೂ ಸೊನ್ನೆ ಸೊನ್ನೆಯೇ ಅಲ್ಲವೇ?’ ಎಂದು ಕೇಳಿದ್ದೀರಿ.

ಆ ಕಥೆ ಕೇಳಿದರೆ ನನಗೂ ಮೈ ಉರಿಯುತ್ತದೆ. ಒಬ್ಬ ಕಲ್ಲು ಒಡೆಯುತ್ತಿದ್ದೇನೆ ಎನ್ನುತ್ತಾನೆ, ಇನ್ನೊಬ್ಬ ಹೊಟ್ಟೆಪಾಡು ಎನ್ನುತ್ತಾನೆ, ಮೂರನೆಯವನು ಗುಡಿ ಕಟ್ಟುತ್ತಿದ್ದೇನೆ ಎಂದು ಎದೆಯುಬ್ಬಿಸುತ್ತಾನೆ. ಇದನ್ನು ಹೇಳುವವರು ಒಂದು ದಿನವಾದರೂ ಉಳಿ ಹಿಡಿದಿರುತ್ತಾರೆಯೇ ಎಂಬುದು ನನ್ನ ಅನುಮಾನ. ನಿಜವಾಗಿ ಗುಡಿ ಕಟ್ಟಿದವರ ಮಾತು ಬೇಕಿದ್ದರೆ ಬೇಲೂರಿಗೆ ಹೋಗಿ ತಲೆಯೆತ್ತಿ ನೋಡಬೇಕು. ದಾಸೋಜ, ಚಾವಣ ಮೊದಲಾದವರು ತಾವು ಕಡೆದ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಇಡೀ ಗುಡಿಯ ಮಾತನ್ನು ಅವರು ಎತ್ತಿಲ್ಲ. ಈ ಬೊಂಬೆ ನನ್ನದು ಎಂದಷ್ಟೇ ಹೇಳಿದ್ದಾರೆ.

ನಾನು ಮಳೆಯ ಅಂಕಿಗಳಿಗೆ ಹೊಸಬನಲ್ಲ. ಮಲೆನಾಡಿನ ದಿನಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊರೂರಿನ ಮಳೆ ಎಷ್ಟೆಂದು ಫೋನಿನಲ್ಲಿ ಬರೆದುಕೊಂಡು ಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು. ಕಥೆ ಬರೆಯುವ ಕನಸು ಹೊತ್ತು ಬಂದವನಿಗೆ ಮಿಲಿಮೀಟರುಗಳ ಗುಮಾಸ್ತಿಕೆ! ಒಂದು ಜುಲೈ ರಾತ್ರಿ ಜಾಹೀರಾತು ಜಾಸ್ತಿ ಬಂದು ಪುಟದಲ್ಲಿ ಜಾಗ ಸಾಲದಾಯಿತು. ನಾನು ಎರಡನೆಯ ಯೋಚನೆ ಮಾಡದೆ ಮಳೆಯ ಪಟ್ಟಿಯನ್ನು ಕಿತ್ತುಹಾಕಿದೆ. ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯ ಕೆಳಗೆ ತುಂಗೆಯ ದಂಡೆಯಲ್ಲಿ ಗದ್ದೆಯಿದ್ದ ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ. ‘ಶೃಂಗೇರಿಯದು ಎಷ್ಟಾಯಿತು ಸ್ವಾಮಿ, ಪಂಪ್‌ಸೆಟ್ ಮೇಲೆತ್ತಬೇಕೋ ಬೇಡವೋ ನೋಡಬೇಕಿತ್ತು’ ಎಂದರು. ಹೊಳೆಯ ಮೇಲ್ಭಾಗದ ಶೃಂಗೇರಿಯಲ್ಲಿ ಸುರಿದ ಮಳೆ ಆಮೇಲೆ ಅವರ ದಂಡೆಗೇ ಬರುವುದು. ನಾನು ದಿನಾ ತುಂಬುತ್ತಿದ್ದ ಆ ಪಟ್ಟಿಯ ಆಚೆ ತುದಿಯಲ್ಲಿ ಹಗ್ಗ ಹಿಡಿದು ನಿಂತ ಮನುಷ್ಯನೊಬ್ಬನಿದ್ದಾನೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಕೆಲಸ ಬದಲಾಗಲಿಲ್ಲ, ಸಂಬಳವೂ ಬದಲಾಗಲಿಲ್ಲ. ಆದರೆ ಆಮೇಲೆ ಶೃಂಗೇರಿಯ ಅಂಕಿಯನ್ನು ಎರಡು ಸಲ ಕೇಳಿ ಬರೆದುಕೊಳ್ಳುತ್ತಿದ್ದೆ.

ಈಗ ನಿಮ್ಮ ಸೊನ್ನೆಗೆ ಬರುತ್ತೇನೆ. ನಾಲ್ಕನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಬಿಸಿಲಿದ್ದರೂ ಆಲಿಕೆ ತೆಗೆದು, ಬಾಟಲಿ ಬಗ್ಗಿಸಿ ನೋಡಿಯೇ ಬರೆಯುತ್ತೇನೆ, ಸುಮ್ಮನೆ ಬರೆಯುವುದಿಲ್ಲ.’ ಇದನ್ನು ನೀವು ದೂರಿನ ನಡುವೆ ಅಡ್ಡಮಾತಿನಂತೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಇದೇ. ಮಳೆಯ ಪುಸ್ತಕದಲ್ಲಿ ಸೊನ್ನೆ ಬೇರೆ, ಖಾಲಿ ಮನೆ ಬೇರೆ. ಖಾಲಿ ಬಿಟ್ಟರೆ ಆ ದಿನ ಏನಾಯಿತೋ ಯಾರಿಗೂ ತಿಳಿಯದು. ಸೊನ್ನೆಯಿದ್ದರೆ ಒಬ್ಬರು ಎದ್ದು ಹೋಗಿ ನೋಡಿಬಂದಿದ್ದಾರೆ, ಮಳೆ ಬಂದಿಲ್ಲ. ಬಯಲುಸೀಮೆಯಲ್ಲಿ ಈ ಎರಡನೆಯ ಸುದ್ದಿಗೆ ಬಹಳ ತೂಕವಿದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬರ ಎನ್ನಲು ಮೊದಲು ನೋಡುವುದು ಎರಡನ್ನು: ವಾಡಿಕೆ ಮಳೆಗಿಂತ ಎಷ್ಟು ಕೊರತೆ, ಮತ್ತು ಎಷ್ಟು ವಾರ ಸತತವಾಗಿ ಒಣಗಿತು. ಬೆಳೆ, ಮಣ್ಣಿನ ತೇವಾಂಶ ಎಲ್ಲ ಆಮೇಲೆ. ಈ ‘ವಾಡಿಕೆ’ ಎಲ್ಲಿಂದ ಬಂತು? ನಿಮ್ಮಂಥವರು ಹತ್ತಾರು ವರ್ಷ ಬರೆದಿಟ್ಟ ಪುಸ್ತಕಗಳಿಂದ. ಹವಾಮಾನ ಇಲಾಖೆ ಈಗ ಬಳಸುವ ವಾಡಿಕೆ 1971ರಿಂದ 2020ರವರೆಗಿನ ಅಂಕಿಗಳ ಸರಾಸರಿ. ಸರಾಸರಿಯಲ್ಲಿ ಸೊನ್ನೆಗಳೂ ಸೇರುತ್ತವೆ. ಶೇಂಗಾ ಒಣಗಿದ ಹೊಲದ ಬದುವಿನಲ್ಲಿ ಕುಳಿತ ರೈತನ ಪರವಾಗಿ ಕಾಗದದ ಮೇಲೆ ಸಾಕ್ಷಿ ಹೇಳುವುದು ಇಂಥ ಸೊನ್ನೆಗಳೇ.

ಇದೇ ಹವಾಮಾನ ಇಲಾಖೆಗೆ 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಮುಖ್ಯಸ್ಥನಾಗಿ ಬಂದ. 1877ರಲ್ಲಿ, ಮತ್ತೆ 1899ರಲ್ಲಿ ಮುಂಗಾರು ಕೈಕೊಟ್ಟು ಜನ ಹಸಿದು ಸತ್ತಿದ್ದರು. ಮಳೆಯನ್ನು ಮುಂಚಿತವಾಗಿ ಹೇಳುವ ದಾರಿ ಹುಡುಕಬೇಕಿತ್ತು. ಅವನು ದೇಶವಿದೇಶಗಳ ಮಳೆ, ವಾಯುಭಾರ, ಉಷ್ಣಾಂಶದ ಅಂಕಿಗಳನ್ನು ತರಿಸಿಕೊಂಡು, ಭಾರತೀಯ ಗುಮಾಸ್ತರನ್ನು ಸಾಲಾಗಿ ಕೂರಿಸಿ, ಒಂದಕ್ಕೊಂದನ್ನು ತಾಳೆ ನೋಡಿಸಿದ. ಕಂಪ್ಯೂಟರ್ ಇಲ್ಲದ ಕಾಲ. ಕೂಡುವುದು, ಗುಣಿಸುವುದು, ಭಾಗಿಸುವುದು ಎಲ್ಲ ಕೈಯಲ್ಲೇ. ಕೊನೆಗೆ 1920ರ ದಶಕದಲ್ಲಿ ಕಂಡದ್ದು ಒಂದು ಮಹಾ ತಕ್ಕಡಿ: ಪೆಸಿಫಿಕ್ ಸಾಗರದ ಕಡೆ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದರೆ ಅಲ್ಲಿ ಇಳಿಯುತ್ತದೆ. ಇಂದು ಟಿ.ವಿ.ಯಲ್ಲಿ ಕೇಳುವ ಎಲ್ ನಿನೊಗೂ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವುದು) ಈ ತಕ್ಕಡಿಗೂ ಇರುವ ನಂಟನ್ನು ಬಿಯರ್ಕ್‌ನೆಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು 1969ರಲ್ಲಿ. ಆ ಹೊತ್ತಿಗೆ ವಾಕರ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಗುಣಾಕಾರ ಮಾಡುತ್ತಿದ್ದ ಆ ಗುಮಾಸ್ತ ಲೋಕದ ಹವಾಮಾನದ ಗುಟ್ಟು ಬಿಡಿಸುತ್ತಿದ್ದೇನೆ ಎಂದುಕೊಂಡಿರಲಾರ. ಸಂಜೆಯೊಳಗೆ ಈ ಹಾಳೆ ಮುಗಿದರೆ ಸಾಕು ಎಂದುಕೊಂಡಿದ್ದನೇನೋ. ಆದರೂ ಲೆಕ್ಕ ಸರಿಯಿತ್ತು. ಹಾಗಾಗಿ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ನೀವು ಹೇಗೆ ನೋಡಿದರೂ ಪುಸ್ತಕದ ಸೊನ್ನೆಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಅಂಗಳಕ್ಕೆ ಇಳಿಯುವ ನಿಮ್ಮ ಕಾಲಿನ ಭಾರ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಇಪ್ಪತ್ತೆರಡು ವರ್ಷ ನಡೆಯಬೇಕಾದವರಿಗೆ ಅದು ಸಣ್ಣ ವಿಷಯವಲ್ಲ.

ಯಂತ್ರದ ಚಿಂತೆಯನ್ನೂ ಬರೆದಿದ್ದೀರಿ. ಹೌದು, ಈಗ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಒಳ್ಳೆಯದೇ. ಆದರೆ ಆಲಿಕೆಯೊಳಗೆ ಎಲೆ ಕೂತರೆ, ಕಣಜ ಗೂಡು ಕಟ್ಟಿದರೆ, ಮಳೆ ಸುರಿಯುತ್ತಿದ್ದರೂ ಆ ಯಂತ್ರ ಸೊನ್ನೆ ಎನ್ನುತ್ತದೆ. ಅದರ ಸೊನ್ನೆ ನಿಜವೋ ಸುಳ್ಳೋ ಎಂದು ಕೇಳಬೇಕಾಗಿ ಬಂದರೆ ಪಕ್ಕದಲ್ಲಿ ಕಣ್ಣಿಟ್ಟು ನೋಡಿದ ಇನ್ನೊಂದು ಸೊನ್ನೆ ಬೇಕು. ಕಣ್ಣು ಎಂದೆನಲ್ಲ, ನಿಮಗೆ ಗೊತ್ತಿರುವುದೇ: ಅಳತೆಯ ಗಾಜಿನಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗಾಗಿ ನಿಲ್ಲುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು, ಆ ತಗ್ಗಿನ ಮಟ್ಟಕ್ಕೆ ಕಣ್ಣು ತಂದು ಓದಬೇಕು. ನಿಂತಲ್ಲಿಂದಲೇ ಮೇಲಿನಿಂದ ನೋಡಿದರೆ 2.4 ಮಿಲಿಮೀಟರ್ ಇದ್ದದ್ದು 2.5 ಆದೀತು. 2.5 ಆದರೆ ಇಲಾಖೆಯ ಲೆಕ್ಕದಲ್ಲಿ ಅದು ‘ಮಳೆಯ ದಿನ’.

ಇನ್ನು ಭಾನುವಾರ, ಹಬ್ಬದ ದಿನ ಅಳತೆಗೆ ಬಂದದ್ದಕ್ಕೆ ಭತ್ಯೆ ಕೊಡುತ್ತಿಲ್ಲ ಎಂದಿದ್ದೀರಿ. ಅದನ್ನು ದೃಷ್ಟಿಕೋನದ ಬುಟ್ಟಿಗೆ ಹಾಕಬೇಡಿ. ‘ದೊಡ್ಡ ಕೆಲಸ ಮಾಡುತ್ತಿದ್ದೀರಿ’ ಎಂಬ ಹೊಗಳಿಕೆಯನ್ನು ಹಣದ ಬದಲು ಕೊಡುವ ಅಭ್ಯಾಸ ಬಹಳ ಕಡೆ ಇದೆ, ಪತ್ರಿಕಾ ಕಚೇರಿಗಳಲ್ಲೂ ಇದೆ. ಅರ್ಜಿ ಬರೆದು, ಸ್ವೀಕೃತಿ ಪಡೆದು, ಪ್ರತಿ ಇಟ್ಟುಕೊಳ್ಳಿ. ಎಷ್ಟು ಭಾನುವಾರ ಬಂದಿದ್ದೀರಿ ಎಂಬುದಕ್ಕೆ ದಾಖಲೆ ಬೇಕಿದ್ದರೆ ಸಹಿಯ ಸಮೇತ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ!

ಕೊನೆಯಲ್ಲಿ ನೀವು ಹೇಳಿದ ಒಂದು ಮಾತು ನನಗೆ ನಿದ್ದೆ ಕೆಡಿಸಿತು. 1970ರ ದಶಕದ ಮಳೆ ಪುಸ್ತಕಗಳು ದಾಖಲೆ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಬಿದ್ದಿವೆ, ಒಂದಕ್ಕೆ ಗೆದ್ದಲು ಹಿಡಿದಿದೆ ಎಂದಿದ್ದೀರಿ. ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ಅವನ್ನು ಕೊಡವಿ, ಬೆಂಚಿನ ಮೇಲೆ ಎತ್ತಿಡಿ. ಮೇಲಧಿಕಾರಿಗಳ ಒಪ್ಪಿಗೆ ಸಿಕ್ಕರೆ ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೊನ್ನೆ ಸಾಹೇಬರು ಎನ್ನುವ ಆ ಹುಡುಗರನ್ನೇ ಜೊತೆಗೆ ಕರೆದುಕೊಳ್ಳಿ, ಅವರ ಫೋನುಗಳು ನಿಮ್ಮದಕ್ಕಿಂತ ಚೆನ್ನಾಗಿರುತ್ತವೆ.

— ಸಂಪಾದಕ