ಓದುಗರ ಪ್ರಶ್ನೆ: 350 ಸಿಸಿಯ ಒಂಟಿ ಸಿಲಿಂಡರ್

ಪ್ರಶ್ನೆ: ಕ್ಲಾಸಿಕ್ ಮಾದರಿಯ 350 ಸಿಸಿ ಬೈಕಿಗೆ ಬರೀ 20 ಅಶ್ವಶಕ್ತಿ. ಅಷ್ಟು ಶಕ್ತಿ 200 ಸಿಸಿಯಲ್ಲೇ ಸಿಗುವಾಗ ಇಷ್ಟು ದೊಡ್ಡ ಎಂಜಿನ್ ಯಾಕೆ?

ಉತ್ತರ: ಆ ಶಕ್ತಿ ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಬರುತ್ತದೆ ಅನ್ನುವುದನ್ನು ಮೊದಲು ನೋಡಿ. 200 ಸಿಸಿ ಎಂಜಿನ್ ಸಾಮಾನ್ಯವಾಗಿ 8000 ಆರ್‌ಪಿಎಂ ದಾಟಬೇಕು. 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 6100 ಸಾಕು. ಅದರ 27 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 4000ಕ್ಕೇ ಸಿಗುತ್ತದೆ. ಪದೇ ಪದೇ ಗೇರು ಇಳಿಸದೆ ಏರು ಹತ್ತುವುದು ಇದರಿಂದಲೇ.

ಇದರ ಬೋರ್ (ಸಿಲಿಂಡರಿನ ಒಳಗಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ) 85.8 ಮಿ.ಮೀ. ಉದ್ದ ಸ್ಟ್ರೋಕ್ ಸನ್ನೆಗೋಲಿನ ಹಾಗೆ ಟಾರ್ಕ್ ಹೆಚ್ಚಿಸುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಅದೇ ಸಿಸಿಗೆ ಸ್ಟ್ರೋಕ್ ಉದ್ದವಾದರೆ ಪಿಸ್ಟನ್ ಕಿರಿದಾಗಿ, ಅದರ ಮೇಲೆ ಬೀಳುವ ಬಲವೂ ಕುಗ್ಗುತ್ತದೆ. ಟಾರ್ಕ್ ಬರುವುದು ಮುಖ್ಯವಾಗಿ ಸಿಸಿಯಿಂದ. ಅದು ಕೆಳಗಿನ ಆರ್‌ಪಿಎಂಗೇ ಸಿಗುವಂತೆ ಮಾಡುವುದು ವಾಲ್ವ್ ಟೈಮಿಂಗ್, ಅಂದರೆ ವಾಲ್ವುಗಳು ತೆರೆದು ಮುಚ್ಚುವ ಹೊತ್ತು. ಹಾಗೆಂದು ಟಾಪ್ ಗೇರಿನಲ್ಲಿ ತೆವಳಿಸಬೇಡಿ. 1200 ಆರ್‌ಪಿಎಂನಲ್ಲಿ ಸೆಕೆಂಡಿಗೆ 10 ಸಲ ಮಾತ್ರ ಫೈರಿಂಗ್ (ಸಿಲಿಂಡರಿನಲ್ಲಿ ಇಂಧನ ಉರಿಯುವುದು) ಆಗುತ್ತದೆ. ಪ್ರತಿ ಹೊಡೆತವೂ ಚೈನಿಗೆ, ಹಿಂಚಕ್ರದ ಹಬ್ಬಿನ ರಬ್ಬರಿಗೆ ಗುದ್ದುತ್ತದೆ.

ಪ್ರಶ್ನೆ: ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ವೇಗ ಹೆಚ್ಚಿದಾಗ ಹ್ಯಾಂಡಲ್ ಜುಮ್ಮೆನ್ನುತ್ತದೆ. ದೋಷವೇ?

ಉತ್ತರ: ಅಲ್ಲ. ಪಿಸ್ಟನ್ನಿನಷ್ಟೇ ಭಾರವನ್ನು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಎದುರು ಬದಿಗೆ ಇಟ್ಟರೆ ಮೇಲೆ-ಕೆಳಗಿನ ನಡುಕ ಹೋಗಿ ಹಿಂದೆ-ಮುಂದಿನ ನಡುಕ ಶುರುವಾಗುತ್ತದೆ. ಅದಕ್ಕೇ ಸುಮಾರು ಅರ್ಧ ಭಾರವನ್ನಷ್ಟೇ ಅಲ್ಲಿಟ್ಟು, ಉಳಿದದ್ದನ್ನು ಕ್ರ್ಯಾಂಕಿಗೆ ಎದುರಾಗಿ ಅದೇ ವೇಗದಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟಿಗೆ ಬಿಡುತ್ತಾರೆ. ಆದರೆ ಕ್ರ್ಯಾಂಕಿನ ಎರಡರಷ್ಟು ವೇಗದ ಸಣ್ಣ ನಡುಕವೊಂದಿದೆ. ಈ ಶಾಫ್ಟ್ ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ ಅಂಗೈಗೆ ತಾಗುತ್ತಿರುವುದು ಬಹುಮಟ್ಟಿಗೆ ಅದೇ.

ಮೊದಲಿಲ್ಲದ ನಡುಕ ದಿಢೀರನೆ ಬಂದರೆ ಮಾತ್ರ ಹುಡುಕಲೇಬೇಕು. ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ರಸ್ತೆಯಲ್ಲಿ ಓಡುವಾಗ ಕೇಳುವಷ್ಟೇ ಎಂಜಿನ್ ಸದ್ದು ಬರುವಂತೆ ಆಕ್ಸಿಲರೇಟರ್ ಕೊಡಿ. ಅಲ್ಲೂ ನಡುಗಿದರೆ ಮೊದಲ ಅನುಮಾನ ಎಂಜಿನ್ ಮೌಂಟಿಂಗ್ ಬೋಲ್ಟುಗಳ ಮೇಲೆ. ಟಾರ್ಕ್ ರೆಂಚ್ (ಎಷ್ಟು ಬಿಗಿಯೆಂದು ಅಳೆಯುವ ಪಾನಾ) ಇಟ್ಟೇ ನೋಡಿಸಿ. ನಿಂತಲ್ಲಿ ಸರಿಯಿದ್ದು ಓಡುವಾಗಷ್ಟೇ ಬಂದರೆ, ಖಾಲಿ ರಸ್ತೆಯಲ್ಲಿ ಕ್ಲಚ್ ಹಿಡಿದು ಗಮನಿಸಿ. ಆಗಲೂ ಉಳಿದರೆ ಟೈರು, ಚಕ್ರ ಅಥವಾ ಚೈನು.

ಚೈನಿನ ಸಡಿಲವನ್ನು ಒಂದೇ ಕಡೆ ಅಳೆದರೆ ಸಾಲದು. ಎಂಜಿನ್ ಆಫ್ ಮಾಡಿ, ಹಿಂಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಅತಿ ಬಿಗಿಯಾಗಿರುವ ಜಾಗದಲ್ಲಿ ಕೈಪಿಡಿ ಹೇಳಿದಷ್ಟು ಸಡಿಲ ಬಿಡಿ. ಆಕ್ಸಲ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಬದಲಾಗಿರುತ್ತದೆ. ಬಿಗಿ ಚೈನು ಸಡಿಲ ಚೈನಿಗಿಂತ ಕೆಟ್ಟದ್ದು: ಸಸ್ಪೆನ್ಷನ್ ಕುಗ್ಗುತ್ತಿದ್ದಂತೆ ಚೈನು ಸುತ್ತುವ ಎರಡು ಸ್ಪ್ರಾಕೆಟ್‌ಗಳ (ಹಲ್ಲುಚಕ್ರಗಳ) ಅಂತರ ಹೆಚ್ಚಿ, ಆ ಎಳೆತ ಗೇರ್‌ಬಾಕ್ಸಿನ ಬೇರಿಂಗಿಗೆ ಬೀಳುತ್ತದೆ.

ಪ್ರಶ್ನೆ: ಮನೆಯಲ್ಲಿರುವ ಕಾರಿನ ಎಂಜಿನ್ ಆಯಿಲ್ ಹಾಕಬಹುದೇ?

ಉತ್ತರ: ಬೇಡ. ಇಂಥ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶ ಇರುತ್ತದೆ, ಅದರಿಂದ ಕ್ಲಚ್ ಜಾರುತ್ತದೆ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಅದೇ ಸೂಚನೆ. ಡಬ್ಬಿಯ ಮೇಲೆ ಜಾಸೊ (JASO, ಬೈಕ್ ಆಯಿಲ್‌ನ ಜಪಾನಿ ಮಾನದಂಡ) ಎಂಎ ಅಥವಾ ಎಂಎ2 ಎಂದಿರಲಿ. ಗ್ರೇಡ್ (ಆಯಿಲ್ ಎಷ್ಟು ದಪ್ಪ ಎಂಬ ಸೂಚಿ) ಕೈಪಿಡಿಯಲ್ಲಿ ಇರುವುದೇ ಆಗಲಿ.