ರಾಯಚೂರು ಕಡೆಯ ತತ್ವಪದಗಳ ಆಲ್ಬಂ ಹಾಕಿದರೆ ಅಪ್ಪ ‘ಪದ ತಪ್ಪಿದೆ’ ಅಂತಾರೆ, ಗೆಳೆಯರು ತುಂಬಾ ಮೆಚ್ಚುತ್ತಾರೆ. ಯಾಕೆ ಹೀಗೆ?

ಇಬ್ಬರ ಮಾತೂ ಸರಿಯೇ. ತತ್ವಪದ ಬಾಯಿಂದ ಬಾಯಿಗೆ ಬಂದ ಹಾಡು. ಹಾಗಾಗಿ ಒಂದೇ ಪದಕ್ಕೆ ಊರಿಗೊಂದು ಪಾಠ, ಅಂದರೆ ಸಾಲುಗಳ ಬೇರೆ ಬೇರೆ ರೂಪ, ಇರುತ್ತದೆ. ಆಲ್ಬಂನಲ್ಲಿ ಸಿಗುವುದು ಅದರಲ್ಲಿ ಒಂದು ಮಾತ್ರ, ನಿಮ್ಮ ಅಪ್ಪ ಕೇಳಿ ಬೆಳೆದದ್ದು ಇನ್ನೊಂದು.

ಪಾಠ ಬದಲಾಗುವುದು ಹೇಗೆ ಅಂತ ಮಾನ್ವಿ ಕಡೆಯ ಒಂದು ಭಜನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಅಜ್ಜ ಏಕತಾರಿ ಮೀಟುತ್ತಾ ಒಂದು ನುಡಿ, ಅಂದರೆ ಒಂದು ಚರಣ, ಹಾಡಿದರು. ಹಿಂದೆ ಕೂತವರು ತಾಳ ಹಾಕುತ್ತಾ ಪಲ್ಲವಿ ಎತ್ತಿಕೊಂಡರು. ಆ ಹೊತ್ತಿನಲ್ಲಿ ಅಜ್ಜ ಮುಂದಿನ ನುಡಿ ನೆನಪಿಸಿಕೊಳ್ಳುತ್ತಿದ್ದರು. ಒಂದು ಸಾಲು ಸಿಗಲಿಲ್ಲ. ಅದೇ ತೂಕದ ಬೇರೆ ಮಾತು ಕೂರಿಸಿ ಹಾಡಿಯೇಬಿಟ್ಟರು. ತಾಳ ಒಂಚೂರೂ ತಪ್ಪಲಿಲ್ಲ. ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಹುಡುಗನಿಗೆ ಇನ್ನು ಮುಂದೆ ಅದೇ ಮೂಲ ಪದ, ಅಲ್ವಾ?

ಆಲ್ಬಂಗೆ ಧ್ವನಿಮುದ್ರಣವಾದಾಗ ಹೀಗೆ ಹರಿಯುವ ಹಾಡು ಒಂದು ಕಡೆ ನಿಲ್ಲುತ್ತದೆ. ಮೊದಲ ಸಲ ಕೇಳುವವರಿಗೆ ಹೋಲಿಸಲು ಬೇರೆ ಪಾಠ ಇರಲ್ಲ, ಅವರು ದನಿ, ವಾದ್ಯ ಕೇಳಿ ಖುಷಿಪಡುತ್ತಾರೆ.

ಆದರೆ ಆಲ್ಬಂನಲ್ಲಿ ಕೊನೆಯ ನುಡಿ ಬಿಟ್ಟಿದ್ದರೆ ನಾನು ಅಪ್ಪನ ಕಡೆಗೇ. ಅಂಕಿತ, ಅಂದರೆ ಪದ ಕಟ್ಟಿದವರು ತಮ್ಮ ಅಥವಾ ಗುರುವಿನ ಹೆಸರಿಟ್ಟು ಹಾಕುವ ಗುರುತು, ಸಾಮಾನ್ಯವಾಗಿ ಅಲ್ಲೇ ಬರುತ್ತದೆ. ಅದು ಹೋದರೆ ಪದ ಯಾರದು ಅನ್ನೋದೇ ಗೊತ್ತಾಗಲ್ಲ. ಅಪ್ಪನ ಬಾಯಲ್ಲಿರುವ ಪಾಠವನ್ನು ಅಂಕಿತದವರೆಗೂ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.