ಫ್ಲಾಮೆಂಕೊ ನೃತ್ಯಕ್ಕೆ ಗಿಟಾರ್ ಸಾಥ್

ಪ್ರಶ್ನೆ: ಕೆಲವು ವರ್ಷಗಳಿಂದ ಸ್ಪೇನಿನ ಫ್ಲಾಮೆಂಕೊ ಗಿಟಾರನ್ನು ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಈಚೆಗೆ ನೃತ್ಯದ ತರಗತಿಯೊಂದರಲ್ಲಿ ನುಡಿಸಲು ಕುಳಿತಾಗ, ನರ್ತಕಿ ವೇಗ ಬದಲಿಸಿದರೆ ಅಥವಾ ಥಟ್ಟನೆ ನಿಂತರೆ ನನಗೆ ತಾಳ ತಪ್ಪುತ್ತಿದೆ. ಇಡೀ ನೃತ್ಯಸಂಯೋಜನೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕೇ?

ಉತ್ತರ: ಬೇಕಾಗಿಲ್ಲ. ಸಂಯೋಜನೆ ಒಬ್ಬೊಬ್ಬ ಕಲಾವಿದರದೂ ಬೇರೆ ಬೇರೆ. ನೀವು ಬಿಡದೆ ಹಿಡಿಯಬೇಕಾದದ್ದು ‘ಕಂಪಾಸ್’ ಎಂಬ ತಾಳದ ಆವರ್ತವನ್ನು. ಫ್ಲಾಮೆಂಕೊದ ಪ್ರಕಾರಗಳಾದ ಸೊಲೆಆ ಮತ್ತು ಅಲೆಗ್ರಿಯಾಸ್‌ಗಳಲ್ಲಿ ಅದು 12 ಎಣಿಕೆಯದು, ಒತ್ತುಗಳು ಸಾಮಾನ್ಯವಾಗಿ 3, 6, 8, 10 ಮತ್ತು 12ರ ಮೇಲೆ ಬೀಳುತ್ತವೆ. ಸ್ವಲ್ಪ ಕಾಲ ಗಿಟಾರನ್ನು ಬದಿಗಿಟ್ಟು, ‘ಪಾಲ್ಮಾಸ್’ ಎನ್ನುವ ಚಪ್ಪಾಳೆಯಲ್ಲೇ ಈ ಆವರ್ತವನ್ನು ನರ್ತಕಿಯ ಹೆಜ್ಜೆಯ ಜೊತೆಗೆ ಹಾಕಿ ರೂಢಿಸಿಕೊಳ್ಳಿ.

ನರ್ತಕಿ ಥಟ್ಟನೆ ನಿಂತರೆಂದು ನಿಮಗೆ ಅನ್ನಿಸುವ ಕಡೆಯಲ್ಲಿ ಅವರು ಸಾಮಾನ್ಯವಾಗಿ ಮೊದಲೇ ಸೂಚನೆ ಕೊಟ್ಟಿರುತ್ತಾರೆ. ‘ಯಮಾದಾ’ ಎಂಬ ಈ ಕರೆಯಲ್ಲಿ ಪಾದದ ಹೊಡೆತ ಬಲವಾಗಿ, ಸರಳವಾಗಿ, ಎದ್ದುಕಾಣುವಂತಾಗುತ್ತದೆ. ಸೊಲೆಆದಲ್ಲಿ ಅದು ಬಹುಮಟ್ಟಿಗೆ 10ನೇ ಎಣಿಕೆಗೆ ಬಂದು ಮುಗಿಯುತ್ತದೆ. ಬೆರಳುಗಳಿಂದ ತಂತಿಗಳನ್ನು ಒಟ್ಟಾಗಿ ಮೀಟುವ ನಿಮ್ಮ ‘ರಸ್ಗೆಯಾದೋ’ ಕೂಡ ಅದೇ 10ಕ್ಕೆ ಬಿದ್ದು, ಮರುಕ್ಷಣವೇ ಅಂಗೈ ತಂತಿಗಳನ್ನು ಅದುಮಿ ಸದ್ದಡಗಿಸಬೇಕು. ಕಣ್ಣು ಗಿಟಾರಿನ ಮನೆಗಳ ಮೇಲಿದ್ದರೆ ಇದು ಸಾಧ್ಯವೇ ಇಲ್ಲ. ಆದ್ದರಿಂದ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳನ್ನು ನೋಡದೆಯೇ ಬದಲಿಸುವಷ್ಟು ಪಳಗಿ, ದೃಷ್ಟಿಯನ್ನು ನರ್ತಕಿಯ ಪಾದಗಳಲ್ಲೂ ಭುಜಗಳಲ್ಲೂ ನೆಡಿ.

ವೇಗದ ಪ್ರಶ್ನೆ ‘ಎಸ್ಕೊಬಿಯಾ’ ಎಂಬ ಹೆಜ್ಜೆಗಾರಿಕೆಯ ಭಾಗದಲ್ಲಿ ಹೆಚ್ಚು ಕಾಡುತ್ತದೆ. ನಿಧಾನವಾಗಿ ಆರಂಭವಾಗಿ ಏರುತ್ತ ಹೋಗುವ ಇಲ್ಲಿ ವೇಗವನ್ನು ನಿರ್ಧರಿಸುವವರು ನರ್ತಕಿಯೇ; ನೀವು ಮುಂದೆ ಓಡಲೂ ಬಾರದು, ಹಿಂದೆ ಎಳೆಯಲೂ ಬಾರದು. ಹೆಜ್ಜೆ ದಟ್ಟವಾದಷ್ಟೂ ನಿಮ್ಮ ನುಡಿಸಾಣಿಕೆ ವಿರಳವಾಗಲಿ. ಕಷ್ಟಪಟ್ಟು ಕಲಿತ ‘ಫಾಲ್ಸೆತಾ’ ಎಂಬ ಗಿಟಾರಿನ ಸ್ವರಖಂಡಗಳನ್ನು ಇಲ್ಲಿ ತುರುಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು, ಏಕೆಂದರೆ ಆಗ ಪಾದದ ನಾದವೇ ಕೇಳಿಸದೆ ಹೋಗುತ್ತದೆ. ಅವುಗಳಿಗೆ ಅಲೆಗ್ರಿಯಾಸ್‌ನ ‘ಸಿಲೆನ್ಸಿಯೊ’ದಲ್ಲಿ ಬೇಕಾದಷ್ಟು ಜಾಗವಿದೆ: ಹಾಡು ನಿಂತು, ಮೇಜರ್ ಸ್ವರಶ್ರೇಣಿ ಮೈನರ್‌ಗೆ ತಿರುಗಿ, ನರ್ತನ ನಿಧಾನಗೊಳ್ಳುವ ಆ ಭಾಗವನ್ನು ಗಿಟಾರೇ ಹೊತ್ತು ನಡೆಸುತ್ತದೆ.

ಹಾಡುಗಾರರೂ ಇದ್ದರೆ ಅವರ ಶ್ರುತಿಗೆ ತಕ್ಕಂತೆ, ಗಿಟಾರಿನ ಕತ್ತಿಗೆ ಬಿಗಿದು ಶ್ರುತಿ ಏರಿಸುವ ಕೇಪೊ ಹಾಕಿ, ಸಾಲು ಮುಗಿಯುವವರೆಗೆ ಅವರಿಗೆ ಅಡ್ಡ ಬರದಂತೆ ನುಡಿಸಿ. ನರ್ತಕಿ ಕಾರ್ಮೆನ್ ಅಮಾಯಾ ಅವರ ಜೊತೆ ಗಿಟಾರ್ ವಾದಕ ಸಬೀಕಾಸ್ ನುಡಿಸಿರುವ ಧ್ವನಿಮುದ್ರಣಗಳಲ್ಲಿ ಪಾದದ ಹೊಡೆತವೂ ಕೇಳಿಸುವುದರಿಂದ, ಒಮ್ಮೆ ಹೆಜ್ಜೆಯನ್ನಷ್ಟೇ ಗಮನಿಸಿ, ಇನ್ನೊಮ್ಮೆ ಗಿಟಾರ್ ಎಲ್ಲೆಲ್ಲಿ ಮೌನವಾಗುತ್ತದೆ ಎಂಬುದನ್ನು ಗುರುತಿಸುತ್ತ ಅವುಗಳನ್ನು ಕೇಳಿ.